ಹೆಸರು ಹೇಳುವ ಮೊದಲು

ಜೂನ್ 9, 2024, ಭಾನುವಾರ

ಮಂಗಳೂರಿನ ಆಪ್ತಸಮಾಲೋಚಕಿ ಕೊಟ್ಟ ಮನೆಪಾಠ ಇದು. ದಿನಾ ಬರೆಯಬೇಕೆಂದಿಲ್ಲ, ಬರೆದದ್ದನ್ನು ತೋರಿಸಬೇಕೆಂದೂ ಇಲ್ಲ. ನಸುಕಿಗೇ ಎಚ್ಚರವಾಗಿ ಎದೆ ಬಿಗಿಯುವುದು, ಮೊಬೈಲ್ ರಿಂಗಾದರೆ ಅಂಗೈ ಬೆವರುವುದು, ಊಟ ಸೇರದಿರುವುದು, ಎಲ್ಲ ತಿಂಗಳುಗಟ್ಟಲೆ ನಡೆದ ಮೇಲೆ ಹೆಂಡತಿಯೇ ನನ್ನನ್ನು ಎಬ್ಬಿಸಿಕೊಂಡು ಮನೋವೈದ್ಯರ ಹತ್ತಿರ ಕರೆದೊಯ್ದಳು. ಅವರು ಖಿನ್ನತೆ ಎಂದರು, ಮಾತ್ರೆ ಬರೆದರು. ಮಾತ್ರೆಯ ಜೊತೆ ಮಾತೂ ಬೇಕು ಎಂದು ಈ ಸಮಾಲೋಚಕಿಯ ಬಳಿ ಕಳಿಸಿದರು. ಬುದ್ಧಿ ತಿಳಿದಾಗಿನಿಂದ ತೊದಲುತ್ತ ಬಂದವನಿಗೆ ಮಾತಿನ ಚಿಕಿತ್ಸೆ!

"ನಿಮ್ಮ ಬಗ್ಗೆ ಹೇಳಿ" ಎಂದರು. ನನ್ನ ಹೆಸರು ಪಕಾರದಿಂದ ಶುರು. ತುಟಿ ಮುಚ್ಚಿತು, ಬಿಡಿಸಿಕೊಳ್ಳಲಿಲ್ಲ. ಅವರು ಗಡಿಯಾರವನ್ನೂ ನೋಡಲಿಲ್ಲ, ನನ್ನ ಹೆಸರನ್ನು ತಾವೇ ಹೇಳಲೂ ಇಲ್ಲ. ಹೇಳಿ ಮುಗಿಸಿದ ಮೇಲೆ ಒಂದು ಹಾಳೆ ಕೊಟ್ಟು ಮುಂದಿನದನ್ನು ಬರೆಯಿರಿ ಎಂದರು.

ಬರೆದೆ. ನಾನು ತೊದಲುವವನು. ಅದಕ್ಕೇ ಮನುಷ್ಯರ ಡಾಕ್ಟರಾಗದೆ ದನದ ಡಾಕ್ಟರಾದೆ. ಅದಕ್ಕೇ ಸ್ನಾತಕೋತ್ತರ ಓದಲಿಲ್ಲ. ಅದಕ್ಕೇ ಮದುವೆ ತಡವಾಯಿತು. ಅದಕ್ಕೇ ತಾಲೂಕು ಕಚೇರಿಯ ಹುದ್ದೆ ಬೇಡವೆಂದು ಹಳ್ಳಿಯ ಪಶು ಚಿಕಿತ್ಸಾಲಯದಲ್ಲೇ ಉಳಿದೆ. ಅದಕ್ಕೇ ನೆಂಟರಿಷ್ಟರ ಮನೆಗೆ ಹೋಗುವುದಿಲ್ಲ.

ಅವರು ಓದಿ, "ಇದರಲ್ಲಿ ನಡೆದದ್ದು ಯಾವುದು, ಅದಕ್ಕೆ ನೀವು ಕೊಟ್ಟ ಕಾರಣ ಯಾವುದು? ಬೇರೆ ಮಾಡಿ ತನ್ನಿ" ಎಂದರು.

ಬರೆಯುವುದರಿಂದ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಪೆನ್ನೆಬೇಕರ್ ಹೆಸರು ಹೇಳಿದರು. ಹುಡುಕಿ ಓದಿದೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಎಂಬ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆಸಿದರಂತೆ. ಕೆಲವರಿಗೆ ಏನಾದರೂ ಸಾಮಾನ್ಯ ವಿಷಯ, ಕೆಲವರಿಗೆ ಬದುಕಿನಲ್ಲಿ ಅನುಭವಿಸಿದ ದೊಡ್ಡ ಪೆಟ್ಟು. ಪೆಟ್ಟಿನ ಬಗ್ಗೆ, ಅದು ತಂದ ಭಾವನೆಗಳ ಸಮೇತ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಂತರದ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ಕಂಡಿತು: ಹೆಚ್ಚು ಪ್ರಯೋಜನ ಪಡೆದವರ ಬರಹದಲ್ಲಿ ದಿನದಿಂದ ದಿನಕ್ಕೆ ಕಾರಣ ಹುಡುಕುವ, ಅರ್ಥ ಮಾಡಿಕೊಳ್ಳುವ ಮಾತುಗಳು ಹೆಚ್ಚುತ್ತ ಹೋಗಿದ್ದವು. ನನ್ನ ಹಾಳೆಯಲ್ಲಿ ಕಾರಣಕ್ಕೆ ಬರಗಾಲವಿಲ್ಲ. ಆದರೆ ಎಲ್ಲದಕ್ಕೂ ಒಂದೇ ಕಾರಣ. ಹೊಸದಾಗಿ ಏನೂ ಅರ್ಥವಾಗುತ್ತಿಲ್ಲ.

ಜೂನ್ 20, ಗುರುವಾರ

ನಿನ್ನೆ ರಾತ್ರಿ ಮಲಗುವ ಹೊತ್ತಿಗೆ ಕರೆ. "ಹಲೋ" ಎನ್ನಲು ಹೋದೆ, ಗಂಟಲು ಕಟ್ಟಿತು. ಆಚೆ ಕಡೆಯವರು "ನೆಟ್‌ವರ್ಕೇ ಇಲ್ಲ ಮಾರಾಯ್ರೆ" ಎಂದು ಇಟ್ಟರು. ಎರಡನೇ ಸಲ ಹೆಂಡತಿ ಎತ್ತಿದಳು. ಕರು ಹಾಕಲು ಆಗದೆ ದನ ಒದ್ದಾಡುತ್ತಿದೆಯಂತೆ.

ಮಳೆಯಲ್ಲೇ ಬೈಕ್ ಹತ್ತಿದೆ. ಅಡಿಕೆ ತೋಟದ ನಡುವಿನ ಹಟ್ಟಿ, ಎರಡನೇ ಸೂಲಿನ ದನ. ಕೈ ಹಾಕಿ ನೋಡಿದರೆ ಕರುವಿನ ಒಂದು ಮುಂಗಾಲು ಮಂಡಿಯಲ್ಲಿ ಮಡಚಿದೆ. ಕರುವನ್ನು ಮೊದಲು ಹಿಂದಕ್ಕೆ ತಳ್ಳಿ, ಗರ್ಭಕೋಶ ಹರಿಯದಂತೆ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಾಲನ್ನು ನೇರ ಮಾಡಬೇಕು. ಅವಸರ ಮಾಡುವಂತಿಲ್ಲ. ಅಷ್ಟೂ ಹೊತ್ತು ದನದ ಜೊತೆ ಮಾತಾಡುತ್ತಿದ್ದೆ. ಪುಟ್ಟಿ, ಪಾಪ, ಸ್ವಲ್ಪ ತಡೆ, ಇನ್ನೊಂದು ಸಲ ಮುಕ್ಕು. ಕರು ಜೀವಂತ ಬಂತು. ಮನೆಯವರು ಬಿಸಿನೀರು ಕೊಡುತ್ತ, "ಡಾಕ್ಟ್ರೇ, ದನದ ಹತ್ತಿರ ನೀವು ಎಷ್ಟು ಚಂದ ಮಾತಾಡ್ತೀರಿ!" ಎಂದರು. ಅವರಿಗೆ ಉತ್ತರ ಹೇಳುವಾಗ ಮತ್ತೆ ತುಟಿ ಅಂಟಿಕೊಂಡಿತು.

ಇದರಲ್ಲಿ ಪವಾಡವೇನೂ ಇಲ್ಲ. ತೊದಲುವವರಲ್ಲಿ ಬಹುಪಾಲು ಜನ ಪ್ರಾಣಿಗಳ ಎದುರು, ಒಬ್ಬರೇ ಇದ್ದಾಗ, ಹಾಡುವಾಗ, ಹತ್ತು ಮಂದಿ ಒಟ್ಟಿಗೆ ಪಠಿಸುವಾಗ, ಪಿಸುಗುಟ್ಟುವಾಗ ಸರಾಗ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ತೊಂದರೆ ಉಂಟು. ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ನಾಲ್ಕು ಪಟ್ಟು. ಎಳವೆಯಲ್ಲಿ ಶುರುವಾದವರಲ್ಲಿ ಹೆಚ್ಚಿನವರದು ತಾನಾಗಿಯೇ ಹೋಗುತ್ತದೆ. ನನ್ನದು ಉಳಿದ ಪಾಲಿಗೆ ಸೇರಿದ್ದು.

ಹೊರಗಿನವರಿಗೆ ಕಾಣುವುದು ನನ್ನ ತುಟಿ ಅಂಟುವುದು ಮಾತ್ರ. ಕಾಣದ್ದು ಬೇಕಾದಷ್ಟಿದೆ. ಪೇರಳೆ ಬೇಕಿದ್ದರೂ ಬಾಳೆಹಣ್ಣು ಕೇಳುತ್ತೇನೆ. ಪುತ್ತೂರಿಗೆ ಟಿಕೇಟು ಕೇಳಲಾಗದೆ ದರ್ಬೆ ಎಂದು ಹೇಳಿ, ಅಲ್ಲಿಳಿದು ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತೇನೆ. ಹೆಸರಿಗೆ ಮಾತ್ರ ಬದಲಿ ಶಬ್ದವಿಲ್ಲ. ಅದಕ್ಕಾಗಿ ಹೆಸರು ಕೇಳುವ ಜಾಗಕ್ಕೇ ಹೋಗುವುದಿಲ್ಲ. ತಾನೂ ತೊದಲುತ್ತಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ 1970ರಲ್ಲಿ ತೊದಲನ್ನು ನೀರ್ಗಲ್ಲಿಗೆ ಹೋಲಿಸಿದ್ದರು. ಕಿವಿಗೆ ಬೀಳುವುದು ತುದಿ. ನಾಚಿಕೆ, ಭಯ, ತಪ್ಪಿತಸ್ಥ ಭಾವ, ತಪ್ಪಿಸಿಕೊಳ್ಳುವ ಉಪಾಯಗಳೆಲ್ಲ ನೀರಿನಡಿ. ನಾನು ಮನೋವೈದ್ಯರ ಹತ್ತಿರ ಹೋಗಬೇಕಾಗಿ ಬಂದದ್ದು ತುದಿಯಿಂದ ಅಲ್ಲ.

ಜುಲೈ 7, ಭಾನುವಾರ

ಸಮಾಲೋಚಕಿ ಕೊಟ್ಟ ಒಂದು ಲೇಖನ ಇಡೀ ದಿನ ತಲೆಯಲ್ಲಿ ಕುಳಿತಿದೆ.

1939. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬಲ್ಲಿ ಒಂದು ಅನಾಥಾಲಯ. ವೆಂಡೆಲ್ ಜಾನ್ಸನ್ ಎಂಬ ಪ್ರಾಧ್ಯಾಪಕನ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ 22 ಮಕ್ಕಳ ಮೇಲೆ ಪ್ರಯೋಗ ಮಾಡಿದಳು. ಜಾನ್ಸನ್ ಸ್ವತಃ ತೊದಲುವವನು. ಮಗುವಿನ ಸಹಜ ತಡವರಿಕೆಗೆ ಹೆತ್ತವರು "ತೊದಲು" ಎಂದು ಹೆಸರಿಟ್ಟದ್ದರಿಂದಲೇ ರೋಗ ಹುಟ್ಟುತ್ತದೆ ಎಂಬ ಕಡೆಗೆ ಅವನ ಒಲವು. ಪರೀಕ್ಷಿಸಲು ಚೆನ್ನಾಗಿಯೇ ಮಾತಾಡುತ್ತಿದ್ದ ಆರು ಮಕ್ಕಳಿಗೆ, ನಿಮಗೆ ತೊದಲು ಶುರುವಾಗಿದೆ, ಸರಿಯಾಗಿ ಮಾತಾಡಲು ಬರುವವರೆಗೆ ಬಾಯಿ ಬಿಡಬೇಡಿ ಎಂಬಂಥ ಮಾತುಗಳನ್ನು ತಿಂಗಳುಗಟ್ಟಲೆ ಹೇಳಲಾಯಿತು. ಪ್ರಬಂಧ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿ ಮರೆಯಾಯಿತು. 2001ರಲ್ಲಿ ಪತ್ರಿಕೆಯೊಂದು ಬಯಲು ಮಾಡಿದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ ಆರು ಮಂದಿಯ ಪರವಾಗಿ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು.

ನಾನೂ ಪ್ರಯೋಗಾಲಯ ಕಂಡವನೇ ಆದ್ದರಿಂದ ಫಲಿತಾಂಶವನ್ನು ಎರಡೆರಡು ಸಲ ಓದಿದೆ. ಆ ಆರು ಮಕ್ಕಳು ತೊದಲುವವರಾದರೇ? ಹಳೆಯ ಅಂಕಿ ಅಂಶಗಳನ್ನು 2002ರಲ್ಲಿ ಮತ್ತೆ ಜಾಲಾಡಿದ ನಿಕೊಲಿನ್ ಆಂಬ್ರೋಸ್ ಮತ್ತು ಎಹುದ್ ಯೈರಿ, ಹಾಗೆ ಹೇಳಲು ಆಧಾರವಿಲ್ಲ ಎಂದರು. ಆದರೆ ಆ ಮಕ್ಕಳು ಮಾತಾಡುವುದನ್ನು ಕಡಿಮೆ ಮಾಡಿದರು. ನಾಚಿದರು, ಹಿಂಜರಿದರು, ತರಗತಿಯಲ್ಲಿ ಬಾಯಿ ಮುಚ್ಚಿ ಕುಳಿತರು. ನಾಲಿಗೆ ಕೆಡಲಿಲ್ಲ, ತಾವು ಯಾರು ಎಂಬ ತಿಳುವಳಿಕೆ ಕೆಟ್ಟಿತು.

ಈಗ ನನ್ನ ಲೆಕ್ಕ. ನನ್ನ ಸೋದರಮಾವನಿಗೆ ತೊದಲಿತ್ತು. ಇದು ವಂಶದಲ್ಲಿ ಹರಿಯುತ್ತದೆ ಎಂಬುದಕ್ಕೆ ಅವಳಿಗಳ ಅಧ್ಯಯನಗಳಿವೆ. 2010ರಲ್ಲಿ ಡೆನ್ನಿಸ್ ಡ್ರೇನಾ ಅವರ ತಂಡ ಕೆಲವು ಜೀನುಗಳನ್ನೂ ಗುರುತಿಸಿತು. ಹಾಗಾಗಿ ತೊದಲು ನನಗೆ ಯಾರೂ ಕೊಟ್ಟದ್ದಲ್ಲ, ಬಂದದ್ದು. ಆದರೆ ಐದನೇ ತರಗತಿಯಲ್ಲಿ ಹಾಜರಿ ಕರೆಯುವಾಗ ನನ್ನ "ಪ್ರೆಸೆಂಟ್ ಸಾರ್" ಬರುವವರೆಗೆ ಮುಂದಿನ ಹೆಸರು ಕರೆಯದೆ, ಇಡೀ ತರಗತಿಯನ್ನು ನನ್ನ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದ ಮೇಷ್ಟ್ರಿದ್ದರು. ಅವರಿಂದ ಬಂದದ್ದು ತೊದಲಲ್ಲ, ಮೌನ. ಈ ಎರಡಕ್ಕೂ ಇಷ್ಟು ವರ್ಷ ಒಂದೇ ಖಾತೆ ಇಟ್ಟಿದ್ದೆ. ಇವತ್ತು ಬೇರೆ ಮಾಡಿದೆ. ಮೊದಲನೆಯದು ದೇಹದ್ದು. ಎರಡನೆಯದು ಕಲಿತದ್ದು. ಕಲಿತದ್ದನ್ನು ಬಿಡಲು ಸಾಧ್ಯ.

ಜುಲೈ 19, ಶುಕ್ರವಾರ

ಮಳೆ ಬಿಡುತ್ತಿಲ್ಲ. ಟಿವಿಯಲ್ಲಿ ಶಿರೂರಿನ ಗುಡ್ಡ ಕುಸಿತದ್ದೇ ಸುದ್ದಿ. ಚಿಕಿತ್ಸಾಲಯಕ್ಕೆ ಬಂದದ್ದು ಕೆಚ್ಚಲು ಬಾವಿನ ಎರಡು ದನ, ಒಂದು ನಾಯಿ. ಉಳಿದ ಹೊತ್ತು ಓದು.

ಡ್ಯಾನ್ ಮ್ಯಾಕ್ ಆಡಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಜನರಿಂದ ಅವರವರ ಜೀವನಕಥೆ ಹೇಳಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮನುಷ್ಯ ಹದಿಹರೆಯದ ಕೊನೆಗೆ ತನ್ನ ನಿನ್ನೆ, ಇಂದು, ನಾಳೆಗಳನ್ನು ಪೋಣಿಸಿ ಒಂದು ಕತೆ ಕಟ್ಟಿಕೊಳ್ಳುತ್ತಾನೆ, ಆ ಕತೆಯೇ ಅವನ ಗುರುತಿನ ದೊಡ್ಡ ಭಾಗ ಎನ್ನುವುದು ಅವರ ವಾದ. ಕತೆಗಳಲ್ಲಿ ಅವರು ಕಂಡ ಎರಡು ನಡೆಗಳಿವೆ. ಒಂದರಲ್ಲಿ ಕಷ್ಟದಿಂದ ಶುರುವಾಗಿ ಏನೋ ಒಳಿತಿನಲ್ಲಿ ಮುಗಿಯುತ್ತದೆ. ಇನ್ನೊಂದರಲ್ಲಿ ಚೆನ್ನಾಗಿ ಶುರುವಾದದ್ದು ಕೆಟ್ಟು ಹೋಗುತ್ತದೆ, ಹಿಂದಿನ ಒಳ್ಳೆಯದನ್ನೂ ಅದು ಹಾಳು ಮಾಡುತ್ತದೆ. ಎರಡನೇ ನಡೆ ಹೆಚ್ಚಿದ್ದವರಲ್ಲಿ ಖಿನ್ನತೆ ಹೆಚ್ಚು, ಬದುಕಿನ ಬಗ್ಗೆ ತೃಪ್ತಿ ಕಡಿಮೆ.

ನನ್ನ ಹಾಳೆ ತೆಗೆದು ನೋಡಿದೆ. ಮದುವೆಯ ದಿನ ಚೆನ್ನಾಗಿತ್ತು, ಆದರೆ ಫೋಟೋ ತೆಗೆಯುವವನು ಹೆಸರು ಕೇಳಿದಾಗ ತೊದಲಿದೆ. ಕೆಲಸಕ್ಕೆ ಸೇರಿದ ದಿನ ಚೆನ್ನಾಗಿತ್ತು, ಆದರೆ ಪರಿಚಯ ಹೇಳುವಾಗ ತೊದಲಿದೆ. ಎಲ್ಲ ಕತೆಗೂ "ಆದರೆ" ಎಂಬಲ್ಲಿ ಒಂದೇ ತಿರುವು.

ಊಟದ ಹೊತ್ತಿಗೆ ಹೆಂಡತಿ ಹಾಳೆ ಓದಿದಳು. "ಮಗಳ ನಾಮಕರಣ ಇದರಲ್ಲಿ ಇಲ್ವಲ್ಲ" ಎಂದಳು. ಇಲ್ಲ. ಅವತ್ತು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವನು ನಾನು. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ಹೇಳಿದ್ದು ಮಾತ್ರ ಒಂದೇ ಉಸಿರಿಗೆ. ಪಿಸುಮಾತಾದ್ದರಿಂದ ಹಾಗಾಯಿತು ಎಂದು ಶಾಸ್ತ್ರ ಹೇಳುತ್ತದೆ, ಇರಲಿ. ನಡೆದದ್ದಂತೂ ನಿಜ. ಆದರೂ ನಾನು ಅದನ್ನು ಬರೆದಿರಲಿಲ್ಲ. ಕತೆಗೆ ಒಗ್ಗದ್ದು ನೆನಪಿನಿಂದಲೂ ಜಾರುತ್ತದೆ. ಆಸ್ಟ್ರೇಲಿಯಾದ ಮೈಕಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಕಟ್ಟಿದ ಕಥನ ಚಿಕಿತ್ಸೆ ಶುರುವಾಗುವುದೇ ಇಂಥ ಬಿಟ್ಟುಹೋದ ಘಟನೆಗಳಿಂದ ಎಂದು ಸಮಾಲೋಚಕಿ ಹೇಳಿದ್ದು ಈಗ ಅರ್ಥವಾಗುತ್ತಿದೆ. ಹೊಸದೇನನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ನಡೆದದ್ದನ್ನೇ ಪೂರ್ತಿ ಬರೆದರೆ ಸಾಕು.

ಇಲ್ಲಿಂದ ಸ್ವಲ್ಪ ದೂರದಲ್ಲೇ ಬಾಲವನ. ಶಿವರಾಮ ಕಾರಂತರು ಅಲ್ಲಿ ಇದ್ದು ಕಾದಂಬರಿ ಬರೆದರು, ಮುದ್ರಣಾಲಯ ನಡೆಸಿದರು, ಮಕ್ಕಳಿಗೆ ನಾಟಕ ಆಡಿಸಿದರು, ವಿಜ್ಞಾನದ ಸಂಪುಟಗಳನ್ನು ತಂದರು. ಎಷ್ಟೋ ಕೈ ಹತ್ತಿತು, ಎಷ್ಟೋ ಹತ್ತಲಿಲ್ಲ. 1989ರಲ್ಲಿ ಲೋಕಸಭೆಗೆ ನಿಂತು ಸೋತರು ಕೂಡ. ಆತ್ಮಕಥೆಗೆ ಅವರು ಇಟ್ಟ ಹೆಸರು "ಹುಚ್ಚು ಮನಸ್ಸಿನ ಹತ್ತು ಮುಖಗಳು". ಹತ್ತು ಮುಖ ಇರುವವನಿಗೆ ಒಂದು ಮುಖಕ್ಕೆ ಪೆಟ್ಟು ಬಿದ್ದರೂ ಒಂಬತ್ತು ಉಳಿಯುತ್ತವೆ. ನಾನು ಒಂದನ್ನೇ ಇಟ್ಟುಕೊಂಡಿದ್ದೆ, ಅದೂ ತುಟಿ ಅಂಟಿದ್ದನ್ನು.

ಆಗಸ್ಟ್ 4, ಆಟಿ ಅಮಾವಾಸ್ಯೆ, ಭಾನುವಾರ

ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ, ಮೇಲಿಂದ ಮೆಂತೆ ಗಂಜಿ. ಮಗಳು ಮುಖ ಕಿವುಚಿ ಕುಡಿದಳು. ಸಂಜೆ ದೇವಸ್ಥಾನದ ಚಾವಡಿಯಲ್ಲಿ ನಮ್ಮ ಸಂಘದ ತಾಳಮದ್ದಳೆ, ಪ್ರಸಂಗ ಕರ್ಣಭೇದನ. ನನ್ನದು ಕರ್ಣ.

ಊರಿನ ಹೊರಗಿನವರಿಗೆ ಇದನ್ನು ನಂಬಿಸುವುದು ಕಷ್ಟ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತು ಕಟ್ಟಬೇಕು, ಎದುರಿನವನ ವಾದಕ್ಕೆ ಆಗಿಂದಾಗ್ಗೆ ಉತ್ತರ ಕೊಡಬೇಕು. ಪೇರಳೆ ಕೇಳಲಾಗದ ನಾನು ಅಲ್ಲಿ ಅರ್ಧ ಗಂಟೆ ನಿರರ್ಗಳ. ಪಾತ್ರ ಹೊತ್ತಾಗ, ತಾಳಕ್ಕೆ ಹೊಂದಿದಾಗ ತೊದಲು ತಗ್ಗುವುದು ಹೊಸ ಸಂಗತಿಯಲ್ಲ. ತೊದಲುವ ನಟರು ಜಗತ್ತಿನಲ್ಲೆಲ್ಲ ಇದ್ದಾರೆ.

ಇವತ್ತಿನ ಸಂದರ್ಭ: ಸಂಧಾನ ಮುರಿದುಬಿದ್ದು ಹಿಂದಿರುಗುವ ಕೃಷ್ಣ ಕರ್ಣನನ್ನು ರಥ ಹತ್ತಿಸಿಕೊಂಡು, ನೀನು ಸೂತನ ಮಗನಲ್ಲ, ಕುಂತಿಯ ಮಗ ಎಂದು ಹೇಳುತ್ತಾನೆ. ಹೊರನೋಟಕ್ಕೆ ಇದು ಒಳ್ಳೆಯ ಸುದ್ದಿ. ಕುಲ ಸಿಕ್ಕಿತು, ತಮ್ಮಂದಿರು ಸಿಕ್ಕಿದರು, ರಾಜ್ಯವೂ ಸಿಗುತ್ತದೆ. ಆದರೂ ಕರ್ಣ ಕುಸಿಯುತ್ತಾನೆ. ಅವನಿಗೆ ಸಿಕ್ಕಿದ್ದು ಸತ್ಯ. ಹೋದದ್ದು ಅಷ್ಟು ವರ್ಷ ಅವನನ್ನು ಹೊತ್ತು ನಿಲ್ಲಿಸಿದ ಕತೆ. ನಾನು ಅರ್ಥ ಹೇಳಿದ್ದು ಹೀಗೆ: ಹೆತ್ತವಳು ಯಾರೆಂಬುದನ್ನು ನೀನು ಇವತ್ತು ಹೇಳಬಲ್ಲೆ, ಜ್ವರ ಬಂದ ರಾತ್ರಿ ಎದ್ದು ಕೂತವಳು ಯಾರೆಂಬುದನ್ನು ಬದಲಿಸಲಾರೆ. ಕೃಷ್ಣನ ಅರ್ಥ ಹೇಳಿದ ನಿವೃತ್ತ ಹೆಡ್‌ಮಾಸ್ತರರು ಬಿಡಲಿಲ್ಲ. ಎರಡೂ ನಿಜವಾಗಬಹುದಲ್ಲ ಕರ್ಣ, ಒಂದನ್ನು ಉಳಿಸಲು ಇನ್ನೊಂದನ್ನು ಯಾಕೆ ಸುಡುತ್ತೀ ಎಂದರು. ಅಲ್ಲಿ ಒಂದು ಕ್ಷಣ ನಾನು ಸುಮ್ಮನಾದೆ. ಸಭೆ ಅದನ್ನು ಅಭಿನಯ ಎಂದುಕೊಂಡಿತು.

ಮುಗಿದ ಮೇಲೆ ಬೇರೆ ಊರಿನವರೊಬ್ಬರು ಬಂದು ಹೆಸರು ಕೇಳಿದರು. ಪ... ಪ... ಅಲ್ಲಿಗೇ ನಿಂತೆ. ಅವರು ನಕ್ಕು, "ತಮಾಷೆ ಮಾಡ್ತೀರಾ?" ಎಂದರು.

ಕಳೆದ ಸಲ ಇದನ್ನೇ ಸಮಾಲೋಚಕಿಗೆ ಹೇಳಿದ್ದೆ: ಅಲ್ಲಿ ಮಾತಾಡುವವನು ಕರ್ಣ, ನಾನಲ್ಲ. ಅವರು ಕೇಳಿದರು: "ತೊದಲಿದರೆ ಅದು ನಿಮ್ಮದು, ಸರಾಗ ಮಾತಾಡಿದರೆ ಕರ್ಣನದು, ದನದ ಎದುರಿನದು ದನದ್ದು. ಈ ಪಾಲು ಹಂಚಿದವರು ಯಾರು?" ಯಾರೂ ಅಲ್ಲ, ನಾನೇ. ಗಂಟಲು ಒಂದೇ, ಉಸಿರು ಒಂದೇ, ಮಹಾಭಾರತ ಓದಿದ ತಲೆಯೂ ಒಂದೇ. ಚಾವಡಿಯಲ್ಲಿ ಮಾತಾಡಿದವನೂ ನಾನು, ಅಂಗಳದಲ್ಲಿ ತುಟಿ ಅಂಟಿ ನಿಂತವನೂ ನಾನು.

ಆಗಸ್ಟ್ 23, ಶುಕ್ರವಾರ

ಕೆಟ್ಟ ವಾರ. ಕಾರಣವೇ ಇಲ್ಲದೆ ಮತ್ತೆ ನಿದ್ದೆ ಹೋಯಿತು, ಫೋನು ಮತ್ತೆ ಹೆಂಡತಿಯ ಕೈಗೆ. ಸೋದರಳಿಯ ವಾಟ್ಸಾಪಿನಲ್ಲಿ ತೊದಲು ಗೆದ್ದು ಸಾಧನೆ ಮಾಡಿದವರ ವಿಡಿಯೊಗಳನ್ನು ಕಳಿಸುತ್ತಿದ್ದಾನೆ. ಒಳ್ಳೆಯ ಮನಸ್ಸಿನಿಂದಲೇ. ಬಾಯಲ್ಲಿ ಕಲ್ಲು ಇಟ್ಟುಕೊಂಡು ಭಾಷಣ ಕಲಿತ ಗ್ರೀಸಿನ ಡೆಮಾಸ್ತನೀಸ್, ಬ್ರಿಟನ್ನಿನ ಆರನೇ ಜಾರ್ಜ್ ದೊರೆ, ಇತ್ಯಾದಿ.

ಈ ಗೆದ್ದವರ ಕತೆ ನನಗೆ ಗೊತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿದ್ದೆ. ಸ್ವರಗಳನ್ನು ಎಳೆದು, ನಿಧಾನವಾಗಿ ಮಾತಾಡುವ ವಿಧಾನ ಕಲಿಸಿದರು. ಚೆನ್ನಾಗಿ ಹಿಡಿಯಿತು. ಊರಿಗೆ ಬಂದು ನಾನು ಸರಿಯಾದೆ ಎಂದು ಎಲ್ಲರಿಗೂ ಹೇಳಿದೆ, ಅಮ್ಮ ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು. ಕ್ರಮೇಣ ತೊದಲು ಮರಳಿತು. ಮರಳುವುದು ಈ ತೊಂದರೆಯ ಸ್ವಭಾವ, ಅಭ್ಯಾಸ ಮುಂದುವರಿಸಬೇಕು ಎಂದು ಅಲ್ಲಿ ಮೊದಲೇ ಹೇಳಿದ್ದರು. ಆದರೆ ನನ್ನ ಕತೆಯಲ್ಲಿ "ಗೆದ್ದೆ" ಎಂದು ಬರೆದಾಗಿತ್ತು. ಗೆದ್ದವನು ತೊದಲಿದರೆ ಅದು ಬರೀ ತೊದಲಾಗುವುದಿಲ್ಲ, ಸೋಲಾಗುತ್ತದೆ. ಆಮೇಲೆ ಬಂದ ಕತ್ತಲೆ ಮೊದಲಿನದಕ್ಕಿಂತ ದಟ್ಟ.

ದೊರೆಯ ಕತೆಯನ್ನೂ ಪೂರ್ತಿ ಹೇಳಬೇಕು. ಲಯೊನೆಲ್ ಲೋಗ್ ಎಂಬ ಚಿಕಿತ್ಸಕ ಅವರ ಜೊತೆ ಕೆಲಸ ಶುರು ಮಾಡಿದ್ದು 1926ರಲ್ಲಿ. 1939ರ ಸೆಪ್ಟೆಂಬರ್ 3ರಂದು ಯುದ್ಧದ ಘೋಷಣೆಯಾದ ದಿನದ ಭಾಷಣಕ್ಕೂ ಲೋಗ್ ಪಕ್ಕದಲ್ಲಿ ಬೇಕಾಗಿತ್ತು. ಹದಿಮೂರು ವರ್ಷದ ಮೇಲೂ. ಇದನ್ನು ಗೆಲುವು ಎನ್ನುವುದಕ್ಕಿಂತ ಒಡನಾಟ ಎನ್ನುವುದು ಸರಿ.

ಒಳ್ಳೊಳ್ಳೆಯದನ್ನೇ ಯೋಚಿಸು, ಕತೆ ಬದಲಿಸಿಕೋ, ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತಿಗೆ ನನ್ನ ತಕರಾರು ಇನ್ನೊಂದಿದೆ. ನನ್ನ ನಿದ್ದೆಗೆ ಮಾತ್ರೆ ಬೇಕಾಗಿದೆ. ಅದು ರಸಾಯನದ ವಿಷಯ, ಅದಕ್ಕೆ ಕತೆ ಕಟ್ಟಬೇಕಾಗಿಲ್ಲ. ಇನ್ನು ಸಂದರ್ಶನದಲ್ಲಿ ತೊದಲಿದವನ ಅಂಕ ಕಳೆಯುವವರು, ಫೋನಿನಲ್ಲಿ ನಾಲ್ಕು ಸೆಕೆಂಡು ಕಾಯದವರು, ಅಣಕಿಸಿ ನಗಿಸುವ ಸಿನಿಮಾದವರು ಇದ್ದೇ ಇದ್ದಾರೆ. ನಾನು ನನ್ನ ಕತೆಯನ್ನು ಎಷ್ಟೇ ತಿದ್ದಿದರೂ ಅವರ ಹೊಣೆ ಅವರ ಮೇಲೇ ಇರುತ್ತದೆ.

ಬುಧವಾರ ನಡುರಾತ್ರಿ ತೀರಾ ಆಗದೆ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿದೆ. 2022ರ ಅಕ್ಟೋಬರಿನಲ್ಲಿ ಸರಕಾರ ಶುರು ಮಾಡಿದ, ಇಪ್ಪತ್ತನಾಲ್ಕು ಗಂಟೆಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಫೋನಿಗೆ ಹೆದರುವವನಿಗೆ ಫೋನಿನದೇ ಆಸರೆ ಎಂದು ಅಷ್ಟು ಸಂಕಟದಲ್ಲೂ ನಗು ಬಂತು. ನನ್ನ ಮೊದಲ ಶಬ್ದ ಬರಲು ತುಂಬ ಹೊತ್ತಾಯಿತು. ಆಚೆ ಕಡೆಯ ಹೆಂಗಸು, "ಲೈನಿನಲ್ಲೇ ಇದ್ದೇನೆ, ನಿಧಾನ ಹೇಳಿ" ಎಂದರು. ಹೇಳಿದೆ.

ಸೆಪ್ಟೆಂಬರ್ 15, ಭಾನುವಾರ

ಹಿಂದಿನ ಪುಟಗಳನ್ನು ತಿರುವಿದರೆ ಕೆಲವು ಕಡೆ ಒಂದೇ ಗೋಳು ಮತ್ತೆ ಮತ್ತೆ ಬಂದಿದೆ. ದನ ಮೆಲುಕು ಹಾಕುತ್ತಿದ್ದರೆ ನಾವು ಆರೋಗ್ಯವಾಗಿದೆ ಎನ್ನುತ್ತೇವೆ, ನಿಲ್ಲಿಸಿದರೆ ರೋಗ. ಮನುಷ್ಯನದು ತಿರುಗಾಮುರುಗಾ. ಹಳೆಯ ನೋವನ್ನು ಸುಮ್ಮನೆ ಅಗಿಯುತ್ತಾ ಕೂತರೆ ಖಿನ್ನತೆ ಉದ್ದವಾಗುತ್ತದೆ ಎಂಬುದನ್ನು ಸೂಸನ್ ನೋಲೆನ್ ಹೋಕ್ಸೆಮಾ ಎಂಬ ಸಂಶೋಧಕಿ ವರ್ಷಾನುಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ಹಾಗಾದರೆ ದಿನಚರಿ ಬರೆಯುವುದೂ ಅಪಾಯವೇ? ಈಥನ್ ಕ್ರಾಸ್ ಎಂಬವರ ಪ್ರಯೋಗಗಳಲ್ಲಿ ಒಂದು ಉಪಾಯ ಸಿಕ್ಕಿತು. ತನ್ನ ಬಗ್ಗೆ ಯೋಚಿಸುವಾಗ "ನಾನು" ಎನ್ನದೆ, ಇನ್ನೊಬ್ಬರ ಬಗ್ಗೆ ಹೇಳುವಂತೆ ಹೆಸರು ಹಿಡಿದು ಯೋಚಿಸಿದವರಿಗೆ ಆತಂಕದ ಹೊತ್ತನ್ನು ದಾಟುವುದು ಸುಲಭವಾಯಿತಂತೆ. ನನಗೆ ಬರುವ ರೀತಿಯಲ್ಲೇ ಬರೆದು ನೋಡಿದೆ:

ರೋಗಿ: ಗಂಡು, 44 ವರ್ಷ. ದೂರು: ಮಾತಿನಲ್ಲಿ ತಡೆ, ಬಾಲ್ಯದಿಂದ. ಕುಟುಂಬದಲ್ಲಿ: ಸೋದರಮಾವನಿಗೆ ಇತ್ತು. ಹೆಚ್ಚಾಗುವುದು: ಫೋನು, ಅಪರಿಚಿತರು, ತನ್ನ ಹೆಸರು. ಕಡಿಮೆಯಾಗುವುದು: ದನ, ನಾಯಿ, ಮಗಳು, ತಾಳಮದ್ದಳೆ. ಜೊತೆಯ ತೊಂದರೆ: ಖಿನ್ನತೆ, ಚಿಕಿತ್ಸೆಯಲ್ಲಿದೆ, ಸುಧಾರಣೆ ಇದೆ, ನಡುವೆ ಒಮ್ಮೆ ಮರುಕಳಿಸಿತು. ಕೆಲಸ: ಸಮರ್ಪಕ. ಕಷ್ಟದ ಹೆರಿಗೆಗಳಿಗೆ ಪಕ್ಕದ ಊರಿನವರೂ ಇವನನ್ನೇ ಕರೆಯುತ್ತಾರೆ. ಮನೆಯವರ ಅಭಿಪ್ರಾಯ: ಮಾತು ಕಡಿಮೆಯೆಂದು ದೂರಿಲ್ಲ, ಮೂಲೆ ಹಿಡಿಯುತ್ತಾನೆಂದು ದೂರು. ಸಲಹೆ: ಮೂಲೆ ಬಿಡುವುದು.

ಓದಿದರೆ ಇವನು ಅಂಥ ಕೆಟ್ಟ ಸ್ಥಿತಿಯಲ್ಲೇನೂ ಇಲ್ಲ.

ಸಲಹೆಯ ಪ್ರಕಾರ ಈ ತಿಂಗಳು ಹೊಸ ಕ್ರಮ ಶುರು ಮಾಡಿದ್ದೇನೆ. ಮಾತು ಶುರು ಮಾಡುವಾಗಲೇ, "ನನಗೆ ತೊದಲು ಉಂಟು, ಸ್ವಲ್ಪ ಹೊತ್ತು ಹಿಡೀತದೆ" ಎಂದುಬಿಡುವುದು. ಕ್ಷಮಿಸಿ ಎನ್ನುವುದಿಲ್ಲ. ಕ್ಷಮೆಯ ಧಾಟಿಯಲ್ಲಿ ಹೇಳುವುದಕ್ಕಿಂತ ಮಾಹಿತಿಯಂತೆ ಹೇಳಿದರೆ ಕೇಳುವವರ ಅಭಿಪ್ರಾಯ ಉತ್ತಮವಾಗಿರುತ್ತದೆ ಎಂಬುದಕ್ಕೆ ಅಧ್ಯಯನಗಳಿವೆ. ಚಾರ್ಲ್ಸ್ ವಾನ್ ರೈಪರ್ ಎಂಬ ಹಿರಿಯ ವಾಕ್ ಚಿಕಿತ್ಸಕ, ತಾನೂ ತೊದಲುತ್ತಿದ್ದವನು, ಇನ್ನೂ ಮುಂದೆ ಹೋಗಿ ಬೇಕೆಂದೇ ತೊದಲಿ ಎನ್ನುತ್ತಿದ್ದ. ಅಡಗಿಸುವುದು ನಿಂತರೆ ಭಯದ ಬೇರು ಸಡಿಲವಾಗುತ್ತದೆ ಎಂದು. ಪುತ್ತೂರಿನ ಸಂತೆಯಲ್ಲಿ ಪೇರಳೆಯನ್ನು ಬೇಕೆಂದೇ ಎಳೆದು ಕೇಳಿದೆ. ಮಾರುವವಳು ತೂಕ ಮಾಡಿ ಕೊಟ್ಟಳು, ಅಷ್ಟೇ. ಒಬ್ಬ ರೈತನಿಗೆ ತೊದಲಿನ ವಿಷಯ ಹೇಳಿದಾಗ ಅವನು, "ಅದು ನಮಗೆ ಮೊದಲೇ ಗೊತ್ತುಂಟಲ್ಲ ಡಾಕ್ಟ್ರೇ, ನಿಮಗೆ ಇವತ್ತು ಗೊತ್ತಾದದ್ದಾ?" ಎಂದ.

ಅಕ್ಟೋಬರ್ 22, ಮಂಗಳವಾರ

1998ರಿಂದ ಅಕ್ಟೋಬರ್ 22ನ್ನು ಅಂತಾರಾಷ್ಟ್ರೀಯ ತೊದಲು ಜಾಗೃತಿ ದಿನ ಎಂದು ಆಚರಿಸುತ್ತಾರೆ. ಕಾಕತಾಳೀಯವಾಗಿ ಇವತ್ತೇ, ಮನೆಮನೆಗೆ ಹೋಗಿ ದನಕರುಗಳ ಬಗ್ಗೆ ತಿಳಿಸುವ ಪಶುಸಖಿಯರ ತರಬೇತಿ. ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ ಮಾತಾಡುವ ಕೆಲಸ ನನ್ನದು. ಇಂಥದ್ದಕ್ಕೆ ಮೊದಲೆಲ್ಲ ಸಹೋದ್ಯೋಗಿಯನ್ನು ಕಳಿಸುತ್ತಿದ್ದೆ.

ಮಾತಾಡಿದೆ. ಲಸಿಕೆಯನ್ನು ತಯಾರಾದಲ್ಲಿಂದ ಹಟ್ಟಿಯವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕಾದದ್ದು ಯಾಕೆ, ನಾಲ್ಕು ತಿಂಗಳು ತುಂಬದ ಕರುವಿಗೆ ಯಾಕೆ ಬೇಡ, ಲಸಿಕೆ ಕೊಟ್ಟ ಮೇಲೆ ಒಂದೆರಡು ದಿನ ಹಾಲು ತಗ್ಗಿದರೆ ಮನೆಯವರಿಗೆ ಏನು ಹೇಳಬೇಕು. ಪಕಾರದಲ್ಲಿ ನಿಂತೆ, ಬಕಾರದಲ್ಲಿ ನಿಂತೆ. ಗೊತ್ತುಪಡಿಸಿದ ಹೊತ್ತಿಗಿಂತ ತಡವಾಗಿ ಮುಗಿಯಿತು. ಕೊನೆಗೆ ಪ್ರಶ್ನೆಗಳು ಬಂದವು, ಎಲ್ಲವೂ ಲಸಿಕೆಯ ಬಗ್ಗೆ.

ಸಮಾಲೋಚಕಿ ಹೇಳಿದ ಒಂದು ಸಂಶೋಧನೆಯ ಮೇಲೆ ಈಗ ನನಗೆ ನಂಬಿಕೆ ಬಂದಿದೆ. 2012ರಲ್ಲಿ ಜೊನಾಥನ್ ಆಡ್ಲರ್ ಎಂಬವರು ಚಿಕಿತ್ಸೆ ಪಡೆಯುತ್ತಿದ್ದವರಿಂದ ಹಂತಹಂತವಾಗಿ ಅವರ ಕತೆ ಬರೆಸಿ ನೋಡಿದರು. ಬದುಕಿನಲ್ಲಿ ತನ್ನದೂ ಒಂದು ಕೈ ಇದೆ ಎಂಬ ಭಾವ ಬರಹದಲ್ಲಿ ಮೊದಲು ಹೆಚ್ಚಿತು. ಮನಸ್ಸಿನ ಆರೋಗ್ಯ ಅದರ ಹಿಂದೆ ಸುಧಾರಿಸಿತು. ನನ್ನ ಮಟ್ಟಿಗೆ ತೀರ್ಪು ಇಷ್ಟು. ತೊದಲು ನನ್ನ ಬದುಕಿನ ಒಂದು ಸಂಗತಿ, ಶೀರ್ಷಿಕೆಯಲ್ಲ. ಅದು ಎಲ್ಲದಕ್ಕೂ ಕಾರಣ ಎಂಬ ಕತೆ ನನ್ನನ್ನು ಕಾಯಿಲೆ ಬೀಳಿಸಿತು. ಅದನ್ನು ಗೆದ್ದೆ ಎಂಬ ಕತೆಯೂ ಬೀಳಿಸಿತು. ಆಗದ್ದನ್ನೂ ಆದದ್ದನ್ನೂ ಒಂದೇ ಪುಟದಲ್ಲಿ ಇಟ್ಟ ಕತೆಯ ಮೇಲೆ ಮಾತ್ರ ನಿಲ್ಲಲು ಆಗುತ್ತಿದೆ. ಮಾತ್ರೆಯ ಪ್ರಮಾಣ ಇಳಿಸುವ ಬಗ್ಗೆ ಮನೋವೈದ್ಯರು ಮುಂದಿನ ಭೇಟಿಯಲ್ಲಿ ನಿರ್ಧರಿಸುತ್ತಾರೆ.

ತರಬೇತಿಯ ಕೊನೆಗೆ ಸಖಿಯರ ಕೈಗೆ ಕೊಟ್ಟ ಹಾಳೆಯಲ್ಲಿ ಲಸಿಕೆಯ ಸೂಚನೆಗಳ ಕೆಳಗೆ ನಾಲ್ಕು ಸಾಲು ಸೇರಿಸಿದ್ದೆ. ಇಲ್ಲಿಯೂ ಇರಲಿ:

ನೀವು ಹೋಗುವ ಮನೆಗಳಲ್ಲಿ ತೊದಲುವ ಮಗು ಕಂಡರೆ "ನಿಧಾನ ಮಾತಾಡು", "ಉಸಿರು ತಗೋ" ಎನ್ನಬೇಡಿ. ಅದರ ಶಬ್ದವನ್ನು ನೀವು ಮುಗಿಸಿಕೊಡಬೇಡಿ. ಮುಖ ನೋಡಿ, ಕಾಯಿರಿ, ಅದು ಹೇಳಿದ ವಿಷಯಕ್ಕೆ ಉತ್ತರ ಕೊಡಿ. ಅದರ ಎದುರಿಗೆ "ಇವನಿಗೆ ಮಾತು ಬರುವುದಿಲ್ಲ" ಎಂದು ಯಾರಿಗೂ ಹೇಳಬೇಡಿ.